ಟಾಗಸ್ ಕೋವ್ ಬಂಡೆಯ ಮೇಲಿನ ಹೆಸರುಗಳನ್ನು ಅಳಿಸಬೇಕೋ, ಉಳಿಸಬೇಕೋ?

ನಿಧಾನಯಾನಿ

ಎಲ್ಲರಿಗೂ ನಮಸ್ಕಾರ. ಶಾಂತಸಾಗರದಲ್ಲಿ ಎಕ್ವಡಾರ್ ದೇಶಕ್ಕೆ ಸೇರಿದ ಗ್ಯಾಲಪಗೋಸ್ ದ್ವೀಪಗಳ ನಡುವೆ ಹದಿನಾರು ಪ್ರಯಾಣಿಕರ ಪುಟ್ಟ ಹಡಗಿನಲ್ಲಿ ಎಂಟು ದಿನ ಸುತ್ತಿ ಬಂದಿದ್ದೇನೆ. ಎಂಟೂ ದಿನಗಳ ಕಥೆ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಒಂದೇ ಒಂದು ದಿನದ ವಿಷಯ ಬರೆಯುತ್ತೇನೆ, ಏಕೆಂದರೆ ಆ ಸಂಜೆ ನನಗೂ ನನ್ನ ಭಾವನವರಿಗೂ ಹತ್ತಿಕೊಂಡ ವಾದ ಮನೆಗೆ ಮರಳಿದ ಮೇಲೂ ಆರಿಲ್ಲ.

ಬೆಳಿಗ್ಗೆ ಇಳಿದದ್ದು ಫರ್ನಾಂಡಿನಾ ದ್ವೀಪದ ಪುಂಟಾ ಎಸ್ಪಿನೋಸಾದಲ್ಲಿ. ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿಂದ ಪಂಗಾ ಎಂದು ಕರೆಯುವ ರಬ್ಬರಿನ ದೋಣಿಯಲ್ಲಿ ದಡಕ್ಕೆ ಹೋಗಬೇಕು. ನಾವು ಕಾಲಿಡಬೇಕಾದ ಬಂಡೆಯ ಮೇಲೆಯೇ ಒಂದು ಕಡಲಸಿಂಹ ಮಲಗಿತ್ತು. ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕೆಂಬ ನಿಯಮ ನಮಗೆ ಗೊತ್ತಿತ್ತು, ಅದಕ್ಕೆ ಗೊತ್ತಿರಲಿಲ್ಲ. ಹತ್ತು ನಿಮಿಷ ದೋಣಿಯಲ್ಲೇ ತೇಲುತ್ತಾ ಕಾದೆವು. ಕೊನೆಗೆ ಅದು ಆಕಳಿಸಿ, ಮಗ್ಗುಲು ಬದಲಿಸಿ, ನಮಗೆ ಅರ್ಧ ಬಂಡೆ ಬಿಟ್ಟುಕೊಟ್ಟಿತು. ಮಾರ್ಗದರ್ಶಿ ತಲೆಯಾಡಿಸಿ ದೋಣಿಯನ್ನು ಬೇರೆ ಬಂಡೆಗೆ ತಿರುಗಿಸಿದರು.

ದಡದಲ್ಲಿ ಕಪ್ಪು ಲಾವಾ ಎಂದುಕೊಂಡು ನೋಡುತ್ತಿದ್ದುದು ಇದ್ದಕ್ಕಿದ್ದಂತೆ ಸೀನಿತು. ಆಮೇಲೆ ಕಣ್ಣಿಗೆ ಬಿದ್ದವು, ನೂರಾರು ಕಡಲ ಇಗುವಾನಾಗಳು, ಒಂದರ ಮೇಲೊಂದು ಕಾಲು ಚಾಚಿ, ಎಲ್ಲವೂ ಸೂರ್ಯನ ಕಡೆಗೆ ಮುಖಮಾಡಿ. ಕುಡಿದ ಕಡಲನೀರಿನ ಉಪ್ಪನ್ನು ಮೂಗಿನಿಂದ ಚಿಮ್ಮಿಸುತ್ತವೆ. ಅದು ತಲೆಯ ಮೇಲೆಯೇ ಬಿದ್ದು ಒಣಗಿ ಬೆಳ್ಳಗಿನ ಪೇಟದಂತೆ ಕಾಣುತ್ತದೆ. ಒಂದು ಸೀನು ಭಾವನವರ ಕ್ಯಾಮೆರಾದ ಮಸೂರಕ್ಕೇ ಬಿತ್ತು.

ಇನ್ನೂ ಮುಂದೆ ಹಾರಲಾರದ ನೀರುಕಾಗೆಗಳ ಗೂಡುಗಳಿದ್ದವು. ಗಂಡು ನೀರಿನಿಂದ ಎದ್ದು ಬಂದು, ಮುರಿದ ಕೊಡೆಯ ಕಡ್ಡಿಗಳಂತಹ ರೆಕ್ಕೆಗಳನ್ನು ಬಿಡಿಸಿಕೊಂಡು ಕುಪ್ಪಳಿಸುತ್ತಾ ನಡೆದು, ಕೊಕ್ಕಿನಲ್ಲಿದ್ದ ಕಡಲಕಳೆಯ ಗೊಂಚಲನ್ನು ಹೆಣ್ಣಿಗೆ ಒಪ್ಪಿಸಿತು. ಅವಳು ಅದನ್ನು ಆಚೀಚೆ ತಿರುಗಿಸಿ ಪರೀಕ್ಷಿಸಿ ಗೂಡಿನ ಎಡಬದಿಗೆ ಇಟ್ಟಳು. ಮನಸ್ಸು ಬದಲಿಸಿ ಎತ್ತಿ ಬಲಬದಿಗೆ ಇಟ್ಟಳು. ಅಷ್ಟರಲ್ಲಿ ಅವನು ಇನ್ನೊಂದು ಗೊಂಚಲಿಗಾಗಿ ನೀರಿಗಿಳಿದಾಗಿತ್ತು.

ಮಧ್ಯಾಹ್ನ ಬೊಲಿವರ್ ಕಾಲುವೆಯನ್ನು ದಾಟಿ ಎದುರಿನ ಇಸಾಬೆಲಾ ದ್ವೀಪದ ಟಾಗಸ್ ಕೋವ್ ಎಂಬ ಪುಟ್ಟ ಕೊಲ್ಲಿಗೆ ಬಂದೆವು. ಡಾರ್ವಿನ್ ಬಾಯಾರಿ ಓಡಿಹೋಗಿ ಉಪ್ಪುನೀರು ಕುಡಿದನೆಂಬ ಸರೋವರ ಅಲ್ಲಿಯೇ ಮೇಲಿದೆ. ಆದರೆ ನನ್ನ ಕಣ್ಣು ನೆಟ್ಟದ್ದು ಕೊಲ್ಲಿಯ ಲಾವಾ ಗೋಡೆಗಳ ಮೇಲೆ. ತುಂಬಾ ಹೆಸರುಗಳು! ತಿಮಿಂಗಿಲ ಬೇಟೆಯ ಹಡಗುಗಳವು, ವಿಹಾರನೌಕೆಗಳವು, ಮೀನುಗಾರರವು; ಕೆಲವು ಬಿಳಿಯ ಬಣ್ಣದಲ್ಲಿ ಬಳಿದವು, ಕೆಲವು ಕಲ್ಲಿನಲ್ಲಿ ಕೆತ್ತಿದವು. ಅತ್ಯಂತ ಹಳೆಯದು 1836ರದ್ದು. ಈಗ ಹಾಗೆ ಬರೆಯುವುದಕ್ಕೆ ನಿಷೇಧವಿದೆ, ಆದರೆ ಇದ್ದುದನ್ನು ಹಾಗೆಯೇ ಬಿಟ್ಟಿದ್ದಾರೆ.

ಭಾವನವರು ಹೇಳುವುದು: ಒಂದು ಕಲ್ಲುಚೂರನ್ನೂ ಜೇಬಿಗೆ ಹಾಕಬಾರದೆಂದು ನಮಗೆ ಹೇಳುವವರು ಈ ಗೀಚುಗಳನ್ನು ಪ್ರೇಕ್ಷಣೀಯ ಸ್ಥಳವನ್ನಾಗಿ ಮಾಡಿ ತೋರಿಸುವುದು ಇಬ್ಬಗೆಯ ನೀತಿ, ಎಲ್ಲವನ್ನೂ ಅಳಿಸಬೇಕು. ನಾನು ಹೇಳುವುದು: ಇರಲಿ, ಅದೂ ದ್ವೀಪದ ಚರಿತ್ರೆಯೇ. ನಿಮ್ಮ ಅಭಿಪ್ರಾಯವೇನು?

ಉಪ್ಪುನೀರು

ನಿಮ್ಮ ಭಾವನವರ ಮಾತು ಸರಿ. ಅಳಿಸಬೇಕು. ಇಂದು ಬರೆದರೆ ಅಪರಾಧ, ಅಂದು ಬರೆದದ್ದು ಪರಂಪರೆ ಎಂದರೆ, ಎಷ್ಟು ವರ್ಷ ಕಳೆದರೆ ಅಪರಾಧ ಪರಂಪರೆಯಾಗುತ್ತದೆ ಎಂಬುದನ್ನು ಯಾರಾದರೂ ಹೇಳಲಿ.

ಕಡತಪ್ರೇಮಿ

ಉಪ್ಪುನೀರು ಅವರೇ, ಅಂದು ಅದು ಅಪರಾಧವಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1959ರಲ್ಲಿ. ಯುನೆಸ್ಕೋದ ವಿಶ್ವ ಪರಂಪರೆಯ ಮೊದಲ ಪಟ್ಟಿಗೆ ಸೇರಿದ್ದು 1978ರಲ್ಲಿ. 1836ರಲ್ಲಿ ಹೆಸರು ಕೆತ್ತಿದವನು ಯಾವ ಕಾನೂನನ್ನು ಮುರಿದ?

ಕೊಲ್ಲಿಯ ಹೆಸರೇ ಹಡಗಿನದು. 1814ರಲ್ಲಿ ಬಂದ ಟಾಗಸ್ ಎಂಬ ಬ್ರಿಟಿಷ್ ಯುದ್ಧನೌಕೆಯಿಂದ ಅದು ಬಂತು. ಡಾರ್ವಿನ್ ಬಂದಿದ್ದ ಬೀಗಲ್ ಹಡಗಿನವರು ಅದನ್ನು ಬ್ಯಾಂಕ್ಸ್ ಕೋವ್ ಎಂದು ಬರೆದಿದ್ದಾರೆ. ಬಂಡೆಯ ಮೇಲಿನ ಹೆಸರನ್ನು ಅಳಿಸಿ ನಕ್ಷೆಯ ಮೇಲಿನ ಹೆಸರನ್ನು ಉಳಿಸಿಕೊಳ್ಳುವುದೇ? ಫ್ಲೋರಿಯಾನಾ ದ್ವೀಪದ ಪೋಸ್ಟ್ ಆಫೀಸ್ ಕೊಲ್ಲಿಯಲ್ಲಿ ನಾವಿಕರು ಇಟ್ಟ ಪೀಪಾಯಿಯನ್ನು ನೋಡಿ. ಅತ್ತ ಹೋಗುವ ಹಡಗಿನವರು ಪತ್ರ ಹಾಕುತ್ತಿದ್ದರು, ಊರಿಗೆ ಮರಳುವವರು ಎತ್ತಿಕೊಂಡು ತಲುಪಿಸುತ್ತಿದ್ದರು. ಇಂದಿಗೂ ಪ್ರವಾಸಿಗರು ಅಂಚೆಚೀಟಿ ಅಂಟಿಸದ ಕಾರ್ಡುಗಳನ್ನು ಅದರಲ್ಲಿ ಹಾಕುತ್ತಾರೆ. ಅದನ್ನು ಕಿತ್ತುಹಾಕಿ ಎಂದು ಯಾರೂ ಹೇಳುವುದಿಲ್ಲ.

ಶಿಲಾಪಾಠ

ವಾದಕ್ಕೆ ಅಡ್ಡ ಬರುವುದಿಲ್ಲ, ಆದರೆ ಒಂದು ತಿದ್ದುಪಡಿ ಬೇಕು. ಟಾಗಸ್ ಕೋವ್‌ನ ಗೋಡೆ ಲಾವಾ ಅಲ್ಲ. ಮೇಲೇರುವ ಕಾದ ಶಿಲಾದ್ರವಕ್ಕೆ ಕಡಲನೀರು ತಾಗಿದಾಗ ಅದು ಹರಿಯುವುದಿಲ್ಲ, ಸಿಡಿಯುತ್ತದೆ. ಹಾಗೆ ಸಿಡಿದ ಬೂದಿ ಪದರಪದರವಾಗಿ ಕುಳಿತು ಗಟ್ಟಿಯಾದ ಕಲ್ಲು ಅದು, ಟಫ್ ಎನ್ನುತ್ತಾರೆ. ಕೊಲ್ಲಿಯೆಂದರೆ ಅಂತಹ ಬೂದಿಕಲ್ಲಿನ ಶಂಕುವಿನಾಕಾರದ ಗುಡ್ಡದ ಒಂದು ಬದಿ ಒಡೆದು ಸಮುದ್ರ ಒಳನುಗ್ಗಿದ ಜಾಗ. ಗೋಡೆಯಲ್ಲಿ ಪುಸ್ತಕದ ಹಾಳೆಗಳಂತೆ ಗೆರೆಗಳು ಕಂಡಿರಬೇಕಲ್ಲವೇ? ಒಂದೊಂದು ಗೆರೆಯೂ ಸ್ಫೋಟದ ಒಂದೊಂದು ಉಸಿರು.

ಮೆತ್ತಗಿರುವುದರಿಂದಲೇ ನಾವಿಕರು ಅದರಲ್ಲಿ ಕೆತ್ತಿದರು. ಬೆಳಿಗ್ಗೆ ನೀವು ನಡೆದ ಫರ್ನಾಂಡಿನಾದ ಲಾವಾದಲ್ಲಿ ಹೆಸರು ಕೆತ್ತಲು ಹೊರಟಿದ್ದರೆ ಉಳಿ ಮೊಂಡಾಗುತ್ತಿತ್ತು. ಮೆತ್ತಗಿರುವುದರಿಂದಲೇ ಅಲೆ ಮತ್ತು ಗಾಳಿ ಅದನ್ನು ಸವೆಸುತ್ತವೆ. ಅಳಿಸುವ ಕೆಲಸಕ್ಕೆ ಜನ ಬೇಕಿಲ್ಲ.

ಇಸಾಬೆಲಾ ಒಂದು ದ್ವೀಪವಾಗಿ ಹುಟ್ಟಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ವುಲ್ಫ್, ಎಕ್ವಡಾರ್, ಡಾರ್ವಿನ್, ಆಲ್ಸೆಡೊ, ಸಿಯೆರ್ರಾ ನೆಗ್ರಾ, ಸೆರ್ರೊ ಅಸುಲ್ ಎಂಬ ಆರು ಗುರಾಣಿ ಜ್ವಾಲಾಮುಖಿಗಳು (ಗುರಾಣಿಯಂತೆ ಅಗಲವಾಗಿ ಹರಡಿದವು) ಬೆಳೆಯುತ್ತಾ ಒಂದಕ್ಕೊಂದು ಅಂಟಿಕೊಂಡು ಆದದ್ದು. ಉತ್ತರದ ವುಲ್ಫ್ 1707 ಮೀಟರ್ ಎತ್ತರವಿದೆ, ಸಮಭಾಜಕ ವೃತ್ತ ಅದರ ಮೇಲೆಯೇ ಹಾದುಹೋಗುತ್ತದೆ, 2015ರಲ್ಲೂ 2022ರಲ್ಲೂ ಉಗುಳಿದೆ. ಭೂಮಿಯ ಒಳಗಿನ ಬಿಸಿ ತಾಣ ಇದ್ದಲ್ಲೇ ಇರುತ್ತದೆ, ಅದರ ಮೇಲಿನ ನಾಸ್ಕಾ ಎಂಬ ಭೂಫಲಕ ಪೂರ್ವಕ್ಕೆ ಜರುಗುತ್ತಾ ಹೋಗುತ್ತದೆ. ಹಾಗಾಗಿ ಪೂರ್ವದ ಎಸ್ಪನ್ಯೋಲಾ, ಸಾನ್ ಕ್ರಿಸ್ಟೋಬಲ್ ಮುದಿ ದ್ವೀಪಗಳು, ಪಶ್ಚಿಮದವು ಎಳೆಯವು. ನೀವು ಆ ದಿನ ಕಂಡದ್ದು ಮಕ್ಕಳನ್ನು.

ನಿಧಾನಯಾನಿ

ಒಪ್ಪಿದೆ, ಟಫ್. ಗೆರೆಗಳು ನಿಜಕ್ಕೂ ಕಂಡವು. ಅವನ್ನು ನೀರು ಏರಿಳಿದ ಗುರುತೆಂದು ತಿಳಿದಿದ್ದೆ.

ಬೆಂಕಿಬೆಟ್ಟ

ಮಕ್ಕಳು ಎಂದಿರಿ, ಆ ಮಕ್ಕಳ ರಂಪ ಕೇಳಿ. 1825ರ ಫೆಬ್ರವರಿಯಲ್ಲಿ ಬೆಂಜಮಿನ್ ಮೊರೆಲ್ ಎಂಬ ಅಮೆರಿಕನ್ ಕಪ್ತಾನ ಟಾರ್ಟರ್ ಎಂಬ ತನ್ನ ಹಡಗನ್ನು ಇದೇ ಕರಾವಳಿಯಲ್ಲಿ ನಿಲ್ಲಿಸಿಕೊಂಡಿದ್ದ. ರಾತ್ರಿ ಎದುರಿನ ಫರ್ನಾಂಡಿನಾ ಸಿಡಿಯಿತು. ಲಾವಾ ನದಿಯಂತೆ ಕಡಲಿಗೆ ಇಳಿಯಿತು, ನೀರು ಬಿಸಿಯಾಯಿತು, ಹಡಗಿನ ಹಲಗೆಗಳ ಸಂದಿಗೆ ಮೆತ್ತಿದ್ದ ಡಾಂಬರು ಕರಗಿ ತೊಟ್ಟಿಕ್ಕಿತು. ಗಾಳಿಯಿಲ್ಲದೆ ಹಾಯಿಗಳು ಜೋತುಬಿದ್ದಿದ್ದವು, ಓಡಿಹೋಗುವಂತೆಯೂ ಇರಲಿಲ್ಲ. ಕೊನೆಗೆ ತುಸು ಗಾಳಿ ಎದ್ದಾಗ ಅವನು ತಪ್ಪಿಸಿಕೊಂಡದ್ದು ನೀವು ದಾಟಿದ ಅದೇ ಕಾಲುವೆಯ ಮೂಲಕ. ಅಲ್ಲಿ ಹೋಗಿ ಬಣ್ಣ ಬಳಿದ ಹೆಸರುಗಳನ್ನು ನೋಡಿ ಬಂದಿರಲ್ಲಾ, ಎದುರಿನ ಬೆಟ್ಟದ ಕಡೆಗೆ ತಿರುಗಿ ನೋಡಲಿಲ್ಲವೇ?

ಅನುಮಾನಿ

ಮೊರೆಲ್ ಹೇಳಿದ್ದನ್ನೆಲ್ಲಾ ನಂಬಬಾರದು. ಇಲ್ಲದ ದ್ವೀಪಗಳನ್ನು ಕಂಡೆನೆಂದು ಬರೆದು ಹೆಸರು ಕೆಡಿಸಿಕೊಂಡ ಕಪ್ತಾನ ಅವನು. ಸ್ಫೋಟ ನಡೆದಿರಬಹುದು, ನೀರಿನ ಬಿಸಿಯ ಅಂಕಿಗಳಲ್ಲಿ ಅವನ ಕೈಚಳಕವಿದೆ.

ಬೆಂಕಿಬೆಟ್ಟ

ಅಂಕಿಗಳನ್ನು ಬಿಟ್ಟುಬಿಡಿ. 1968ರಲ್ಲಿ ಅದೇ ಬೆಟ್ಟದ ತುದಿಯ ಕ್ಯಾಲ್ಡೆರಾ ಎಂಬ ದೊಡ್ಡ ಕುಳಿಯ ತಳ ಸುಮಾರು 350 ಮೀಟರ್ ಕುಸಿಯಿತು, ಅದಕ್ಕೆ ಮೊರೆಲ್ ಸಾಕ್ಷಿ ಬೇಕಿಲ್ಲ. 2024ರ ಮಾರ್ಚ್ 2ರ ರಾತ್ರಿಯಲ್ಲೂ ಇಳಿಜಾರು ಬಿರಿದು ಲಾವಾ ಹರಿಯಿತು. ಸುತ್ತಮುತ್ತ ಇದ್ದ ಪ್ರವಾಸಿ ಹಡಗುಗಳವರು ಕತ್ತಲೆಯಲ್ಲಿ ಕೆಂಪು ಗೆರೆಗಳನ್ನು ಕಂಡರು.

ಶಿಲಾಪಾಠ

ಸದ್ದಿಲ್ಲದ ರಂಪವೂ ಇದೆ. ಟಾಗಸ್ ಕೋವ್‌ನಿಂದ ದಕ್ಷಿಣಕ್ಕೆ ಉರ್ಬಿನಾ ಕೊಲ್ಲಿಯಲ್ಲಿ 1954ರಲ್ಲಿ ಕಡಲ ತಳವೇ ಐದು ಮೀಟರಿನಷ್ಟು ಮೇಲೆದ್ದಿತು. ಹವಳದ ದಿಬ್ಬಗಳು ಒಣನೆಲದಲ್ಲಿ ಉಳಿದುಬಿಟ್ಟವು, ಇಂದಿಗೂ ಅವುಗಳ ನಡುವೆ ನಡೆಯಬಹುದು. ನೀರಿಗೆ ಮರಳಲಾಗದೆ ಮೀನುಗಳು ಅಲ್ಲಿಯೇ ಸತ್ತವು.

ನೀರುಕಾಗೆಯ ಗೆಳೆಯ

ಚರ್ಚೆ ಬೆಂಕಿಗೆ ಹೋಯಿತು, ನನ್ನ ಹಕ್ಕಿಯನ್ನು ಎಲ್ಲರೂ ಮರೆತಿರಿ. ನಿಧಾನಯಾನಿಯವರ ವರ್ಣನೆಯಲ್ಲಿ ಮುರಿದ ಕೊಡೆ ಎಂಬ ಮಾತು ಚೆನ್ನಾಗಿದೆ, ಆದರೆ ಅದು ಕೊರತೆಯೆಂಬ ಭಾವನೆ ಬರುವಂತಿದೆ. ಹಾರಬೇಕಾದರೆ ಎದೆಯ ಸ್ನಾಯುಗಳನ್ನು ಸಾಕಬೇಕು, ಮೈ ಹಗುರವಾಗಿರಬೇಕು. ನೆಲದ ಮೇಲೆ ಬೇಟೆಯಾಡುವ ಸಸ್ತನಿಗಳೇ ಇಲ್ಲದ, ಕಾಲ್ದೆಸೆಯ ನೀರಿನಲ್ಲೇ ಮೀನು, ಹಾವುಮೀನು, ಅಷ್ಟಪದಿ ಸಿಗುವ ಜಾಗದಲ್ಲಿ ಹಾರಿ ಹೋಗುವುದಾದರೂ ಎಲ್ಲಿಗೆ? ಅದು ರೆಕ್ಕೆಯನ್ನು ಬಿಟ್ಟು ಭಾರವಾದ ಮೈಯನ್ನೂ ಬಲವಾದ ಕಾಲನ್ನೂ ಪಡೆಯಿತು. ಈಜಿ ಬಂದ ಮೇಲೆ ಪೂರ್ವಜರಂತೆ ರೆಕ್ಕೆಯನ್ನು ಒಣಗಿಸುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಆ ಗೊಂಚಲಿನ ಸಂಸಾರ ನೋಡಿ ಮರುಳಾಗಬೇಡಿ. ಮರಿ ತುಸು ದೊಡ್ಡದಾಗುತ್ತಿದ್ದಂತೆ ಹೆಣ್ಣು ಅದನ್ನು ಗಂಡಿನ ಪಾಲಿಗೆ ಬಿಟ್ಟು ಇನ್ನೊಬ್ಬ ಸಂಗಾತಿಯನ್ನು ಹುಡುಕಿಕೊಂಡು ಹೋಗುವುದುಂಟು. ಆಹಾರ ಹೇರಳವಾಗಿರುವ ವರ್ಷದಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ಸಂಸಾರ ನಡೆಸುತ್ತದೆ. ಉಳಿದ ಸಾಕಣೆಯೆಲ್ಲಾ ಅಪ್ಪನದು.

ಇಡೀ ಪ್ರಪಂಚದಲ್ಲಿ ಈ ಹಕ್ಕಿ ಇರುವುದು ಫರ್ನಾಂಡಿನಾ ಮತ್ತು ಇಸಾಬೆಲಾದ ಕರಾವಳಿಯಲ್ಲಿ ಮಾತ್ರ. ಶಾಂತಸಾಗರದ ಆಳದಲ್ಲಿ ಪೂರ್ವಕ್ಕೆ ಹರಿಯುವ ತಣ್ಣನೆಯ ಕ್ರಾಮ್‌ವೆಲ್ ಪ್ರವಾಹ ಈ ದ್ವೀಪಗಳ ಪಶ್ಚಿಮದ ಬದಿಗೆ ಬಡಿದು ಮೇಲೇಳುತ್ತದೆ. ಜೊತೆಗೆ ಆಳದ ಪೋಷಕಾಂಶಗಳೂ ಏಳುತ್ತವೆ. ಸಮಭಾಜಕ ವೃತ್ತದ ಮೇಲೆ ಪೆಂಗ್ವಿನ್ ಬದುಕಿರುವುದು ಅದರಿಂದಲೇ. ಎಲ್ ನಿನ್ಯೋ ಬಂದು ಕಡಲು ಬಿಸಿಯಾದ ವರ್ಷ ಆ ತಣ್ಣೀರು ಮೇಲೇಳುವುದಿಲ್ಲ. 1982–83ರಲ್ಲಿ ಹಾಗಾದಾಗ ಪೆಂಗ್ವಿನ್‌ಗಳಲ್ಲಿ ಮುಕ್ಕಾಲು ಪಾಲು, ನೀರುಕಾಗೆಗಳಲ್ಲಿ ಸುಮಾರು ಅರ್ಧದಷ್ಟು ಇಲ್ಲವಾದವು. ಇಗುವಾನಾಗಳದು ಇನ್ನೂ ವಿಚಿತ್ರ: ಪಾಚಿ ಸಿಗದ ವರ್ಷಗಳಲ್ಲಿ ಅವುಗಳ ಮೈ ಉದ್ದದಲ್ಲೇ ಕುಗ್ಗುತ್ತದೆ, ಶೇಕಡ 20ರಷ್ಟು ಕುಗ್ಗಿದ್ದನ್ನು ಅಳೆದು ನೋಡಿದ್ದಾರೆ. ಪಾಚಿ ಮರಳಿದರೆ ಮತ್ತೆ ಬೆಳೆಯುತ್ತವೆ.

ಪಾಚಿಬಂಡೆ

ನೀವು ಮೈ ಕುಗ್ಗುವ ವಿಷಯ ಹೇಳಿದ್ದಕ್ಕೆ ಧನ್ಯವಾದಗಳು, ಅದು ನನಗೆ ತಿಳಿದಿರಲಿಲ್ಲ. ಕಡಲ ಇಗುವಾನಾಗಳೆಲ್ಲಾ ಆಳಕ್ಕೆ ಧುಮುಕುತ್ತವೆ ಎಂಬ ತಪ್ಪು ಕಲ್ಪನೆಯೂ ಇದೆ. ದೊಡ್ಡ ಗಂಡುಗಳು ಮಾತ್ರ ಹಾಗೆ ಮೇಯುತ್ತವೆ. ಚಿಕ್ಕವು ಇಳಿತದ ವೇಳೆ ಬಂಡೆಯ ಮೇಲೆಯೇ ತರಿದು ತಿನ್ನುತ್ತವೆ. ಮೈ ಕಾಯುವವರೆಗೆ ಯಾವುದೂ ಅಲುಗಾಡುವುದಿಲ್ಲ. ಬೆಳಗಿನ ಭೇಟಿಯಲ್ಲಿ ಅವೆಲ್ಲಾ ಸೂರ್ಯನಿಗೆ ಮೈಯೊಡ್ಡಿದ್ದು ಅದಕ್ಕೇ.

ದಿನಚರಿಯ ಓದುಗ

ಮೂಲ ಬರಹದ ಇನ್ನೊಂದು ತಪ್ಪನ್ನು ಯಾರೂ ಹಿಡಿಯಲಿಲ್ಲ. ಟಾಗಸ್ ಕೋವ್‌ನ ಮೇಲಿರುವ ಸರೋವರಕ್ಕೆ ಡಾರ್ವಿನ್ ಸರೋವರ ಎಂಬ ಹೆಸರಿದೆ, ನೀರೂ ಕಡಲಿಗಿಂತ ಉಪ್ಪು. ಆದರೆ ಡಾರ್ವಿನ್ ಕುಡಿಯಲು ಹೋದದ್ದು ಅದಲ್ಲ. 1835ರ ಅಕ್ಟೋಬರ್ ಆರಂಭದಲ್ಲಿ ಬೀಗಲ್ ಈ ಕೊಲ್ಲಿಯಲ್ಲಿ ನಿಂತಾಗ ಅವನು ಕೊಲ್ಲಿಯ ದಕ್ಷಿಣಕ್ಕೆ ನಡೆದು, ನೀರಿನ ನಡುವೆ ದ್ವೀಪದಂತೆ ಒಂದು ಪುಟ್ಟ ಜ್ವಾಲಾಮುಖಿ ಕುಹರವಿದ್ದ ಇನ್ನೊಂದು ಸರೋವರವನ್ನು ಕಂಡ. ಇಂದು ಅದನ್ನು ಬೀಗಲ್ ಕುಹರ ಎನ್ನುತ್ತಾರೆ. ಸುಡುಬಿಸಿಲಿನಲ್ಲಿ ಬೂದಿಯ ಇಳಿಜಾರನ್ನು ಧೂಳು ನುಂಗುತ್ತಾ ಇಳಿದು ಬಾಯಿಗೆ ಹಾಕಿಕೊಂಡರೆ ಬರೀ ಉಪ್ಪು. ಹೆಸರು ಒಂದಕ್ಕೆ, ಪೆಟ್ಟು ಇನ್ನೊಂದರಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಅದೇ ಡಾರ್ವಿನ್ ಒಂದು ಕಡಲ ಇಗುವಾನಾವನ್ನು ಮತ್ತೆ ಮತ್ತೆ ನೀರಿಗೆ ಎಸೆದ. ಅದು ಪ್ರತಿ ಸಲವೂ ಅವನು ನಿಂತಿದ್ದ ಜಾಗಕ್ಕೇ ಈಜಿಕೊಂಡು ಬಂತು. ನೆಲದ ಮೇಲೆ ಶತ್ರುಗಳನ್ನು ಕಾಣದ ಪ್ರಾಣಿಗೆ ದಡವೇ ಅಭಯವೆನಿಸಿರಬೇಕು ಎಂದು ಅವನು ಊಹಿಸಿದ. ಊಹೆ ಚೆನ್ನಾಗಿದೆ, ಇಂದು ಹಾಗೆ ಮಾಡಿದ್ದರೆ ಅವನನ್ನು ಮುಂದಿನ ಪಂಗಾದಲ್ಲೇ ಹಡಗಿಗೆ ಕಳುಹಿಸುತ್ತಿದ್ದರು.

ನಿಧಾನಯಾನಿ

ನನ್ನ ಒಂದೇ ಬರಹದಲ್ಲಿ ಎರಡು ತಪ್ಪುಗಳು. ಸರೋವರದ ಕಥೆಯನ್ನು ಹಡಗಿನ ಊಟದ ಮೇಜಿನಲ್ಲಿ ಕೇಳಿದ್ದೆ, ದಿನಚರಿ ತೆಗೆದು ನೋಡಲಿಲ್ಲ. ಆದರೆ ಬೀಗಲ್‌ನವರು 1835ರಲ್ಲಿ ಬಂದುಹೋದರು, ಬಂಡೆಯ ಹಳೆಯ ಬರಹ 1836ರದ್ದು ಎಂಬುದನ್ನು ಗಮನಿಸಿ. ಅವರ ಹೆಸರು ಗೋಡೆಯ ಮೇಲೆ ಇಲ್ಲ.

ಉಪ್ಪುನೀರು

ಎಲ್ಲರೂ ಹಡಗುಗಳ ಹೆಸರನ್ನು ಬಹಳ ಅಕ್ಕರೆಯಿಂದ ಹೇಳುತ್ತಿದ್ದೀರಿ. ಆ ಹಡಗಿನವರು ಅಲ್ಲಿಗೆ ಬಂದದ್ದು ಯಾಕೆ? ತಿಮಿಂಗಿಲ ಕೊಲ್ಲುವುದಕ್ಕೆ, ಮತ್ತು ಆಮೆ ಹೊರುವುದಕ್ಕೆ. ದೈತ್ಯ ಆಮೆ ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಬದುಕಿರುತ್ತದೆ ಎಂಬುದೇ ಅದರ ಪ್ರಾಣಕ್ಕೆ ಎರವಾಯಿತು. ಹಡಗಿನ ತಳದಲ್ಲಿ ಒಂದರ ಮೇಲೊಂದು ಅಂಗಾತ ಮಲಗಿಸಿ, ತಾಜಾ ಮಾಂಸದ ದಾಸ್ತಾನಿನಂತೆ ಒಯ್ಯುತ್ತಿದ್ದರು. 1820ರಲ್ಲಿ ಎಸೆಕ್ಸ್ ಎಂಬ ಹಡಗಿನ ನಾವಿಕನೊಬ್ಬ ತಮಾಷೆಗೆಂದು ಫ್ಲೋರಿಯಾನಾದಲ್ಲಿ ಬೆಂಕಿ ಹಚ್ಚಿದ, ದ್ವೀಪ ಹೊತ್ತಿ ಉರಿಯಿತು. ಮರುತಿಂಗಳೇ ಆ ಹಡಗನ್ನು ತಿಮಿಂಗಿಲವೊಂದು ಗುದ್ದಿ ಮುಳುಗಿಸಿತು. ಫ್ಲೋರಿಯಾನಾದ ಆಮೆ ಅದೇ ಶತಮಾನದಲ್ಲಿ ಆ ದ್ವೀಪದಿಂದ ಕಾಣೆಯಾಯಿತು. ಇಂಥವರ ಸಹಿಗಳನ್ನು ನಾವು ದೋಣಿಯಲ್ಲಿ ಕುಳಿತು ಮೆಚ್ಚಬೇಕೇ?

ಕಡತಪ್ರೇಮಿ

ಮೆಚ್ಚಬೇಕೆಂದು ನಾನು ಹೇಳಲಿಲ್ಲ. ಆದರೆ ಕಥೆಯನ್ನು ಪೂರ್ತಿ ಹೇಳಿ. ಟಾಗಸ್ ಕೋವ್‌ನ ಉತ್ತರಕ್ಕೆ ವುಲ್ಫ್ ಜ್ವಾಲಾಮುಖಿಯ ಇಳಿಜಾರಿನಲ್ಲಿ ಫ್ಲೋರಿಯಾನಾದ ಆಮೆಯ ವಂಶವಾಹಿ ಹೊತ್ತ ಆಮೆಗಳು ಸಿಕ್ಕಿವೆ. ಇನ್ನೊಂದು ದ್ವೀಪದ ಆಮೆ ಕಡಲು ದಾಟಿ ಅಲ್ಲಿಗೆ ಬಂದದ್ದು ಹೇಗೆ? ಇದೇ ನಾವಿಕರು, ಹೊರೆ ಹೆಚ್ಚಾದಾಗಲೋ ಪೀಪಾಯಿಗಳಿಗೆ ಜಾಗ ಬೇಕಾದಾಗಲೋ, ಆಮೆಗಳನ್ನು ಆ ಕರಾವಳಿಯಲ್ಲಿ ಇಳಿಸಿದ್ದಿರಬೇಕು, ಇಲ್ಲವೇ ಎಸೆದಿದ್ದಿರಬೇಕು ಎಂಬುದೇ ವಿಜ್ಞಾನಿಗಳ ವಿವರಣೆ. 2015ರಲ್ಲಿ ಅಂತಹ ಕೆಲವನ್ನು ಹೆಲಿಕಾಪ್ಟರಿನಲ್ಲಿ ಎತ್ತಿಸಿ ಸಾಂತಾ ಕ್ರೂಸ್ ದ್ವೀಪದ ಸಂತಾನವೃದ್ಧಿ ಕೇಂದ್ರಕ್ಕೆ ತಂದರು. ಯಾವ ಹಡಗು ಯಾವಾಗ ಅಲ್ಲಿ ನಿಂತಿತ್ತು ಎಂಬುದಕ್ಕೆ ಆ ಗೋಡೆಯೂ ಒಂದು ಕಡತ. ಅದನ್ನು ಕೆರೆದು ಹಾಕಿ ಎನ್ನುತ್ತೀರಿ.

ಉಪ್ಪುನೀರು

ಕಳ್ಳ ಓಡುವಾಗ ಗಂಟಿನಿಂದ ಒಂದು ಬಳೆ ಜಾರಿ ಬಿತ್ತು, ಮನೆಯವರಿಗೆ ಅದು ಮರಳಿ ಸಿಕ್ಕಿತು. ಸಂತೋಷ. ಅದಕ್ಕಾಗಿ ಕಳ್ಳನ ಹೆಸರನ್ನು ಬಾಗಿಲಿನ ಮೇಲೆ ಬರೆಸಬೇಕಾಗಿಲ್ಲ.

ಕಡತಪ್ರೇಮಿ

ಬರೆಸಬೇಕಾಗಿಲ್ಲ, ಆದರೆ ಅವನೇ ಬರೆದುಹೋದದ್ದನ್ನು ಪಂಚನಾಮೆಗೆ ಮೊದಲೇ ಒರೆಸುವವರನ್ನು ಏನೆನ್ನಬೇಕು?

ಅನುಮಾನಿ

ಇಬ್ಬರೂ ಒಂದು ವಿಷಯವನ್ನು ಬೆರೆಸುತ್ತಿದ್ದೀರಿ. ಗೋಡೆಯ ಮೇಲಿರುವುದರಲ್ಲಿ ಹೆಚ್ಚಿನವು ತಿಮಿಂಗಿಲ ಬೇಟೆಗಾರರವಲ್ಲ. ಇಪ್ಪತ್ತನೆಯ ಶತಮಾನದ ವಿಹಾರನೌಕೆಗಳವು, ಮೀನುಗಾರಿಕೆಯ ದೋಣಿಗಳವು. ಬಣ್ಣದ ಡಬ್ಬ ಹಿಡಿದು ಬಂದ ಶ್ರೀಮಂತನ ಹೆಸರಿನಿಂದ ಯಾವ ಆಮೆಯ ವಂಶಾವಳಿಯೂ ತಿಳಿಯುವುದಿಲ್ಲ.

ಹೊರಡಲಿರುವವಳು

ಇಷ್ಟೆಲ್ಲಾ ಓದಿದ ಮೇಲೆ ಹೋಗಲೇಬೇಕೆನಿಸಿದೆ. ನನಗೆ ಇರುವುದು ಎರಡು ಸಂಶಯಗಳು. ದಡದಲ್ಲಿ ಕೋಣೆ ಹಿಡಿದು ದಿನವೂ ದೋಣಿಯಲ್ಲಿ ಹೋಗಿಬಂದರೆ ಈ ಪಶ್ಚಿಮದ ದ್ವೀಪಗಳನ್ನು ನೋಡಬಹುದೇ? ಚಿಕ್ಕ ಹಡಗು ಒಳ್ಳೆಯದೋ, ದೊಡ್ಡದೋ?

ಲಂಗರು

ಅಮ್ಮ, ಮೊದಲನೆಯದಕ್ಕೆ ಉತ್ತರ: ಆಗುವುದಿಲ್ಲ. ಸಾಂತಾ ಕ್ರೂಸ್‌ನಿಂದ ದಿನದ ದೋಣಿಗಳು ಹತ್ತಿರದ ದ್ವೀಪಗಳಿಗೆ ಮಾತ್ರ ಹೋಗುತ್ತವೆ. ಫರ್ನಾಂಡಿನಾಕ್ಕೆ ಹೋಗಬೇಕಾದರೆ ರಾತ್ರಿಯಿಡೀ ಸಾಗುವ ಹಡಗಿನಲ್ಲಿ ಮಲಗಲೇಬೇಕು. ಹಡಗು ತನಗೆ ಬೇಕಾದಲ್ಲಿಗೆ ಹೋಗುವಂತೆಯೂ ಇಲ್ಲ. ಉದ್ಯಾನದವರು ನಿಗದಿ ಮಾಡಿದ ದಾರಿಯಲ್ಲಿ, ನಿಗದಿ ಮಾಡಿದ ಹೊತ್ತಿಗೆ ಇಳಿಯಬೇಕು, ಎರಡು ವಾರದೊಳಗೆ ಅದೇ ಜಾಗಕ್ಕೆ ಮರಳುವಂತಿಲ್ಲ. ಕಾಯ್ದಿರಿಸುವ ಮುನ್ನ ದಾರಿಯ ಪಟ್ಟಿಯಲ್ಲಿ ಪುಂಟಾ ಎಸ್ಪಿನೋಸಾ ಇದೆಯೇ ಎಂದು ಕೇಳಿ.

ಎರಡನೆಯದು: ಅಲ್ಲಿ ದೊಡ್ಡದೆಂದರೂ ನೂರು ಜನರ ಮಿತಿಯಿದೆ. ಒಬ್ಬ ಮಾರ್ಗದರ್ಶಿಯ ಜೊತೆಗೆ ಹದಿನಾರು ಜನರಿಗಿಂತ ಹೆಚ್ಚು ಇಳಿಯುವಂತಿಲ್ಲ. ಹದಿನಾರರ ಹಡಗಿನಲ್ಲಿ ಎಲ್ಲರೂ ಒಟ್ಟಿಗೆ ಇಳಿದು ಒಟ್ಟಿಗೆ ಮರಳುತ್ತೀರಿ, ಸರದಿ ಕಾಯುವುದಿಲ್ಲ. ಆದರೆ ಚಿಕ್ಕ ಹಡಗು ಹೊಯ್ದಾಡುತ್ತದೆ. ನಾನು ಹೋದ ಹಡಗಿನಲ್ಲಿ ನಮ್ಮ ಕೋಣೆ ಎಂಜಿನ್ನಿನ ಪಕ್ಕದಲ್ಲಿತ್ತು, ಕಾಯ್ದಿರಿಸುವಾಗ ಅದನ್ನು ಹೇಳಿರಲಿಲ್ಲ. ಇಸಾಬೆಲಾದ ಉತ್ತರದ ತುದಿಯನ್ನು ಸುತ್ತುವ ರಾತ್ರಿ ಡೀಸೆಲ್ ವಾಸನೆ, ಗುಡುಗು, ವಾಂತಿ ಮೂರೂ ಸೇರಿದವು. ನಡುಭಾಗದ, ಮೇಲಿನ ಅಂತಸ್ತಿನ ಕೋಣೆಯನ್ನು ಕೇಳಿ ಪಡೆಯಿರಿ. ಮಾತ್ರೆಯನ್ನು ವೈದ್ಯರನ್ನು ಕೇಳಿ, ಹೊಯ್ದಾಟ ಶುರುವಾಗುವ ಮೊದಲೇ ನುಂಗಿ.

ಖರ್ಚಿನ ಲೆಕ್ಕಕ್ಕೆ: ಎಕ್ವಡಾರ್‌ನಲ್ಲಿ ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್. ಉದ್ಯಾನದ ಪ್ರವೇಶ ಶುಲ್ಕ ಹೆಚ್ಚಿನ ವಿದೇಶಿ ವಯಸ್ಕರಿಗೆ 100 ಡಾಲರ್ ಇದ್ದದ್ದು 2024ರ ಆಗಸ್ಟ್‌ನಿಂದ 200 ಆಗಿದೆ.

ಪಾಚಿಬಂಡೆ

ಜುಲೈನಿಂದ ನವೆಂಬರ್‌ವರೆಗೆ ಹೋಗುವುದಾದರೆ ಈಜುವ ದಪ್ಪ ರಬ್ಬರಿನ ಉಡುಪನ್ನು ಹಡಗಿನವರಿಂದ ಕೇಳಿ ಪಡೆಯಿರಿ. ಸಮಭಾಜಕ ವೃತ್ತವೆಂದು ನಂಬಿ ಇಳಿದ ನಾನು ಇಸಾಬೆಲಾದ ಪುಂಟಾ ವಿಸೆಂಟೆ ರೋಕಾದಲ್ಲಿ ಹಲ್ಲು ಕಟಕಟಿಸುತ್ತಾ ಕಡಲಾಮೆಗಳನ್ನು ಎಣಿಸಿದೆ. ಹನ್ನೊಂದರವರೆಗೆ ಎಣಿಸಿ ಸಾಕೆನಿಸಿ ಮೇಲೆ ಬಂದೆ.

ಸೀಮಾರೇಖೆ

ಶುಲ್ಕ ಇಮ್ಮಡಿಯಾದರೂ ಸಾಲದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಗೋಡೆಯ ಬರಹವನ್ನು ಹಿಡಿದು ಇಷ್ಟು ಹೊತ್ತು ವಾದಿಸಿದಿರಿ. ನಾಲ್ಕು ಅಕ್ಷರಗಳಿಂದ ಒಂದು ಹಕ್ಕಿಯೂ ಸಾಯಲಿಲ್ಲ. ಮೇಕೆಗಳಿಂದ ಸತ್ತವು. ನಾವಿಕರೂ ವಲಸಿಗರೂ ತಂದುಬಿಟ್ಟ ಮೇಕೆಗಳು ಉತ್ತರ ಇಸಾಬೆಲಾದಲ್ಲಿ ಹಬ್ಬಿ, ಆಲ್ಸೆಡೊ ಬೆಟ್ಟದ ಹಸಿರನ್ನು ಬೋಳಿಸಿ, ಆಮೆಗಳಿಗೆ ನೆರಳೂ ಮೇವೂ ಇಲ್ಲದಂತೆ ಮಾಡಿದವು. 1997ರಿಂದ 2006ರವರೆಗೆ ನಡೆದ ಕಾರ್ಯಾಚರಣೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಮೇಕೆಗಳನ್ನು, ಹೆಲಿಕಾಪ್ಟರಿನಿಂದಲೂ ಗುಂಡು ಹಾರಿಸಿ, ಕೊಂದರು. ಕೊನೆಯವು ಪೊದೆಗಳಲ್ಲಿ ಅಡಗಿದಾಗ, ಕೆಲವು ಮೇಕೆಗಳನ್ನು ಹಿಡಿದು ರೇಡಿಯೋ ಪಟ್ಟಿ ಕಟ್ಟಿ ಬಿಟ್ಟರು. ಮೇಕೆ ಒಂಟಿಯಾಗಿರಲಾರದು, ತನ್ನವರನ್ನು ಹುಡುಕಿಕೊಂಡು ಹೋಗುತ್ತದೆ. ಹಿಂದೆಯೇ ಬಂದೂಕು ಹೋಗುತ್ತದೆ. ಆ ಮೇಕೆಗಳಿಗೆ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ನೆನಪಿಗೆ, ಜೂಡಾಸ್ ಎಂದು ಹೆಸರಿಟ್ಟಿದ್ದರು.

ಫರ್ನಾಂಡಿನಾದಲ್ಲಿ ಹೊರಗಿನಿಂದ ಬಂದ ಒಂದು ಸಸ್ತನಿಯೂ ನೆಲೆಸಿಲ್ಲ. ಇಲಿಯಿಲ್ಲ, ಬೆಕ್ಕಿಲ್ಲ, ಮೇಕೆಯಿಲ್ಲ. ಹಡಗಿನ ಹಗ್ಗ ಹಿಡಿದು ಈಜಿ ಬರುವ ಬಸುರಿ ಇಲಿಯೊಂದು ಸಾಕು, ನಿಧಾನಯಾನಿಯವರು ನೋಡಿದ ಗೂಡಿನಲ್ಲಿ ಮೊಟ್ಟೆ ಉಳಿಯುವುದಿಲ್ಲ. ಹಾಗಿರುವಾಗ ನಾವೇಕೆ ಅಲ್ಲಿ ಇಳಿಯಬೇಕು?

ಲಂಗರು

ಇಳಿಯುವವರು ಕೊಡುವ ಹಣದಿಂದ ಕಾವಲು ನಡೆಯುತ್ತದೆ ಎಂಬುದನ್ನು ಮರೆಯಬೇಡಿ. ನಡೆಯಲು ಬಿಡುವುದಾದರೂ ಎಷ್ಟು? ಗೂಟ ನೆಟ್ಟ ಒಂದು ಸಣ್ಣ ದಾರಿ. ಅದರಾಚೆಗಿನ ದ್ವೀಪವೆಲ್ಲಾ ಪ್ರವಾಸಿಗರಿಗೆ ನಿಷಿದ್ಧ.

ಬೆಂಕಿಬೆಟ್ಟ

ನಿಷಿದ್ಧವಾದದ್ದರಿಂದಲೇ ಅಲ್ಲಿ ಏನಿದೆಯೆಂದು ಪೂರ್ತಿ ತಿಳಿದಿಲ್ಲ. ಫರ್ನಾಂಡಿನಾದ ದೈತ್ಯ ಆಮೆಯನ್ನು 1906ರಲ್ಲಿ ಒಮ್ಮೆ ಮಾತ್ರ, ಒಂದನ್ನು ಮಾತ್ರ, ಹಿಡಿದಿದ್ದರು. 2019ರಲ್ಲಿ ಲಾವಾದ ನಡುವಿನ ಹಸಿರು ತುಂಡೊಂದರಲ್ಲಿ ಒಂದು ಮುದಿ ಹೆಣ್ಣು ಸಿಕ್ಕಿತು. ಅದು ಅದೇ ಜಾತಿಯದೆಂದು ವಂಶವಾಹಿಯ ಪರೀಕ್ಷೆಯಿಂದ ತಿಳಿಯಿತು. ಫರ್ನಾಂಡಾ ಎಂದು ಕರೆಯುತ್ತಾರೆ. ಜೊತೆಗಾರ ಇನ್ನೂ ಸಿಕ್ಕಿಲ್ಲ.

ನಿಧಾನಯಾನಿ

ಸೀಮಾರೇಖೆಯವರ ಪ್ರಶ್ನೆ ನನ್ನ ಪ್ರಶ್ನೆಗಿಂತ ದೊಡ್ಡದು, ಒಪ್ಪುತ್ತೇನೆ. ನಾನು ಕಂಡ ಒಂದು ಚಿತ್ರವನ್ನು ಮಾತ್ರ ಸೇರಿಸುತ್ತೇನೆ. ಪ್ರತಿ ಸಲ ಹಡಗಿಗೆ ಮರಳಿದಾಗ ಹಿಂಬದಿಯ ಮೆಟ್ಟಿಲಿನಲ್ಲಿ ನೀರಿನ ತೊಟ್ಟಿ, ಬ್ರಷ್ ಇಟ್ಟಿರುತ್ತಿದ್ದರು. ಬೂಟಿನ ಅಡಿಯ ಗೀರುಗಳಿಂದ ಮರಳು, ಬೀಜ ಎಲ್ಲವನ್ನೂ ತಿಕ್ಕಿ ತೆಗೆಯಬೇಕು. ಆ ಸಂಜೆ ಟಾಗಸ್ ಕೋವ್‌ನಿಂದ ಬಂದ ಮೇಲೆ ಭಾವನವರ ಬೂಟಿನಲ್ಲಿ ಒಂದು ಮುಳ್ಳುಬೀಜ ಸಿಕ್ಕಿಕೊಂಡಿತ್ತು. ಮಾರ್ಗದರ್ಶಿ ಅದನ್ನು ಚಿಮಟದಿಂದ ಕಿತ್ತು, ಕಾಗದದಲ್ಲಿ ಮಡಚಿ, ಜೇಬಿಗೆ ಹಾಕಿಕೊಂಡರು. ಕಡಲಿಗೆ ಎಸೆಯಲಿಲ್ಲ. ನಮ್ಮ ವಾದ ಶುರುವಾದದ್ದು ಸರಿಯಾಗಿ ಆಗಲೇ: ಬೀಜಕ್ಕೆ ಇಷ್ಟು ಶಿಸ್ತು, ಗೋಡೆಗೆ ಯಾಕಿಲ್ಲ ಎಂದು ಅವರು ಕೇಳಿದರು.

ಈ ಚರ್ಚೆಯನ್ನು ಅವರಿಗೆ ಓದಿ ಹೇಳಿದೆ. ಅವರು ತಮ್ಮ ಚಿತ್ರಗಳನ್ನು ಹಿಗ್ಗಿಸಿ ನೋಡಿದ್ದಾರೆ. ಒಂದು ವಿಹಾರನೌಕೆಯ ಬಿಳಿಯ ಅಕ್ಷರಗಳ ಅಡಿಯಲ್ಲಿ ಹಳೆಯ ಕೆತ್ತನೆಯ ಮೂರು ಅಕ್ಷರಗಳು ಇಣುಕುತ್ತಿವೆ, ಓದಲು ಆಗುತ್ತಿಲ್ಲ. ಈಗ ಅವರ ನಿಲುವು: ಕೆತ್ತಿದ್ದು ಇರಲಿ, ಬಳಿದದ್ದು ಹೋಗಲಿ.

ಶಿಲಾಪಾಠ

ಬೂದಿಕಲ್ಲಿನಿಂದ ಬಣ್ಣ ಕೆರೆದರೆ ಅದರ ಜೊತೆಗೆ ಕಲ್ಲಿನ ಮೇಲ್ಪದರವೂ ಬರುತ್ತದೆ, ಆ ಮೂರು ಅಕ್ಷರಗಳೂ ಬರುತ್ತವೆ. ಭಾವನವರಿಗೆ ತಿಳಿಸಿ.

ಉಪ್ಪುನೀರು

ಹಾಗಿದ್ದರೆ ಮುಟ್ಟಬೇಡಿ. ಆದರೆ ದೋಣಿ ನಿಲ್ಲಿಸಿ ತೋರಿಸಬೇಡಿ.

ಕಡತಪ್ರೇಮಿ

ತೋರಿಸಲಿ, ಆಮೆಯ ಕಥೆಯನ್ನೂ ಜೊತೆಗೆ ಹೇಳಲಿ.

ಹೊರಡಲಿರುವವಳು

ನಡುವೆ ಬಂದು ಕೇಳುತ್ತಿರುವುದಕ್ಕೆ ಕ್ಷಮಿಸಿ. ಟಾಗಸ್ ಕೋವ್‌ನಲ್ಲಿ ಹತ್ತುವುದು ಕಷ್ಟವೇ? ನನಗೆ ಮಂಡಿನೋವಿದೆ.

ನಿಧಾನಯಾನಿ

ಆರಂಭದಲ್ಲಿ ಕಡಿದಾದ ಮೆಟ್ಟಿಲುಗಳಿವೆ, ಆಮೇಲೆ ಏರು ಸೌಮ್ಯವಾಗುತ್ತದೆ, ನೆರಳು ಮಾತ್ರ ಇಲ್ಲ. ಹತ್ತುವುದಕ್ಕಿಂತ ಕಷ್ಟವೆಂದರೆ ದೋಣಿಯಿಂದ ಒದ್ದೆ ಬಂಡೆಗೆ ಕಾಲಿಡುವುದು. ನಾವಿಕನ ಅಂಗೈಯನ್ನು ಹಿಡಿಯಬೇಡಿ, ಜಾರುತ್ತದೆ. ಅವನು ನಿಮ್ಮ ಮುಂಗೈಯನ್ನು, ನೀವು ಅವನ ಮುಂಗೈಯನ್ನು ಹಿಡಿಯಬೇಕು. ಅಲೆ ದೋಣಿಯನ್ನು ಮೇಲೆತ್ತಿದಾಗ ಅವನು ಹೇಳುತ್ತಾನೆ, ಆಗ ಕಾಲಿಡಿ. ಮೆಟ್ಟಿಲು ಬೇಡವೆನಿಸಿದರೆ ಪಂಗಾದಲ್ಲೇ ಉಳಿಯಿರಿ, ಬಂಡೆಯ ಬುಡದಲ್ಲಿ ಪೆಂಗ್ವಿನ್‌ಗಳು ನಿಂತಿರುತ್ತವೆ.